ಬಳಿಯದ ಬಿಳಿ: ಮಲೆನಾಡಿನ ಮಂಜು, ಜೋಗದ ನೀರು, ಮಂಡಗದ್ದೆಯ ಬೆಳ್ಳಕ್ಕಿ

(ಶಿವಮೊಗ್ಗದಲ್ಲಿ ಜಲವರ್ಣ ಕಲಿಯುತ್ತಿರುವವರ ಮುಂದೆ, ಚಿತ್ರ ಬರೆದು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಚಿತ್ರ ಅಂದ ಕೂಡಲೇ ಕೈ ಹೋಗುವುದು ಹಸಿರಿನ ಟ್ಯೂಬಿಗೆ. ಹಸಿರು ಕಷ್ಟದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಡೆಯ ಚಿತ್ರ ಕೆಡುವುದು ಹೆಚ್ಚಾಗಿ ಬಿಳಿಯಲ್ಲಿ. ಕೊಡಚಾದ್ರಿಯ ಮಂಜು, ಜೋಗದ ನೀರು, ಮಂಡಗದ್ದೆಯ ಬೆಳ್ಳಕ್ಕಿ. ಇವನ್ನು ಬರೆಯಬೇಕು ಅಂತ ಆಸೆ ಹುಟ್ಟುವುದೇ ಅವು ಬೆಳ್ಳಗಿರುವುದರಿಂದ. ಜಲವರ್ಣದ ಪೆಟ್ಟಿಗೆಯಲ್ಲಿ ಬಿಳಿ ಟ್ಯೂಬ್ ಇದ್ದರೂ ಅದರಿಂದ ಆ ಬಿಳಿ ಬರುವುದಿಲ್ಲ. ಅದು ಇರುವುದು ಕಾಗದದಲ್ಲಿ. ಬಳಿಯುವ ಕೆಲಸ ಅದಲ್ಲ, ಬಿಡುವ ಕೆಲಸ.

ಸಾಗರ, ಸೊರಬದ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಇದರ ತಿರುವುಮುರುವು ಗೊತ್ತಿದೆ. ಅಲ್ಲಿ ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ಅದು ಒಣಗಿದ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಯ ಬಿಳಿ ಗೆರೆ ಎಳೆಯುತ್ತಾರೆ. ಗಾಢ ಮೊದಲು, ಬಿಳಿ ಆಮೇಲೆ. ತಪ್ಪಿದರೆ ಕೆಮ್ಮಣ್ಣು ಹಚ್ಚಿ ಮುಚ್ಚಬಹುದು. ಜಲವರ್ಣದಲ್ಲಿ ಬಿಳಿ ಮೊದಲಿನಿಂದಲೇ ಇರುತ್ತದೆ, ಒಂದು ಸಲ ಕಳೆದುಕೊಂಡರೆ ಪೂರ್ತಿ ವಾಪಸು ಬರುವುದಿಲ್ಲ. ಹಾಗಾಗಿ ಬ್ರಷ್ ಹಿಡಿಯುವ ಮೊದಲೇ, ಎಲ್ಲೆಲ್ಲಿ ಬಣ್ಣ ಹೋಗಬಾರದು ಅನ್ನುವುದನ್ನು ಪೆನ್ಸಿಲಿನಲ್ಲಿ ತೆಳ್ಳಗೆ ಗುರುತು ಹಾಕಿಕೊಳ್ಳಬೇಕು. ಚಿತ್ರದ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಬಿಳಿ ಕಾಗದದ್ದು ಅಂದ ಮೇಲೆ ಕಾಗದದಲ್ಲಿ ಉಳಿತಾಯ ಮಾಡಬೇಡಿ. ಬಣ್ಣ ಸ್ಟೂಡೆಂಟ್ ದರ್ಜೆಯದಾದರೂ ಅಭ್ಯಾಸಕ್ಕೆ ನಡೆಯುತ್ತದೆ. ಕಾಗದ ಮಾತ್ರ ನೂರಕ್ಕೆ ನೂರು ಹತ್ತಿಯದು, ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ, ಕೋಲ್ಡ್ ಪ್ರೆಸ್ (ಮೇಲ್ಮೈ ಸ್ವಲ್ಪ ತರಿತರಿ ಇರುವುದು) ಇರಲಿ. 22×30 ಇಂಚಿನ ಪೂರ್ತಿ ಹಾಳೆ ತಂದು ನಾಲ್ಕು ಮಾಡಿದರೆ 11×15 ಇಂಚು ಸಿಗುತ್ತದೆ, ಹೊರಗೆ ಕೂತು ಬರೆಯಲು ಅಷ್ಟು ಸಾಕು. ಮರದ ತಿರುಳಿನ ಅಗ್ಗದ ಕಾಗದ ನೀರನ್ನು ಬೇಗ ಕುಡಿಯುತ್ತದೆ, ಎರಡನೇ ಸಲ ಒದ್ದೆ ಮಾಡಿದರೆ ಮೇಲ್ಮೈ ಎದ್ದು ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಕೆಲವು ವರ್ಷಕ್ಕೆ ಹಳದಿಗಟ್ಟುತ್ತದೆ. ಕಷ್ಟಪಟ್ಟು ಉಳಿಸಿದ ಬೆಳ್ಳಕ್ಕಿ ಚಹಾ ಬಿದ್ದ ಹಕ್ಕಿಯಾಗುತ್ತದೆ.

ಇನ್ನೊಂದು ತೊಂದರೆ ಮಲೆನಾಡಿನ ತೇವದ್ದು. ಒಳ್ಳೆಯ ಕಾಗದಕ್ಕೆ ತಯಾರಿಸುವಾಗಲೇ ಜೆಲಟಿನ್ ಅಥವಾ ಅಂಥದೇ ಇನ್ನೊಂದು ಲೇಪ ಕೊಟ್ಟಿರುತ್ತಾರೆ, ಅದನ್ನು ಸೈಜಿಂಗ್ ಅನ್ನುತ್ತಾರೆ. ಬಣ್ಣ ಒಳಗೆ ಇಂಗದೆ ಮೇಲೆ ನಿಲ್ಲುವುದು, ಹೊಳಪು ಬರುವುದು ಅದರಿಂದ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಲ್ಲಿ ಬಿಚ್ಚಿಟ್ಟ ಹಾಳೆಯ ಜೆಲಟಿನ್ ಅನ್ನು ಆಗಸ್ಟ್ ಹೊತ್ತಿಗೆ ಬೂಸ್ಟು ತಿಂದಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆಕಾಶದ ವಾಶ್ (ಅಗಲಕ್ಕೆ ಹಚ್ಚುವ ತೆಳು ಬಣ್ಣ) ಎಳೆದ ಕೂಡಲೇ ಸಿಡುಬಿನ ಹಾಗೆ ಗಾಢ ಚುಕ್ಕೆ ಏಳುತ್ತವೆ. ಸೈಜಿಂಗ್ ಹೋದ ಜಾಗದಲ್ಲಿ ಬಣ್ಣ ಬ್ಲಾಟಿಂಗ್ ಪೇಪರಿಗೆ ಇಂಗಿದ ಹಾಗೆ ಇಂಗಿರುತ್ತದೆ. ಅದಕ್ಕೆ ಮದ್ದಿಲ್ಲ, ಆ ಹಾಳೆಯನ್ನು ಪೆನ್ಸಿಲ್ ಕೆಲಸಕ್ಕೆ ಇಟ್ಟುಕೊಳ್ಳಿ. ಆಗದ ಹಾಗೆ ನೋಡಿಕೊಳ್ಳುವುದು ಸುಲಭ. ಬೇಸಿಗೆಯಲ್ಲೇ ಕಾಗದ ತಂದು, ದಪ್ಪ ಪಾಲಿಥೀನಿನಲ್ಲಿ ಸುತ್ತಿ, ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ನೀಲಿ ಜೆಲ್ ಗುಲಾಬಿಯಾದರೆ ತೇವ ತುಂಬಿತು ಅಂತ ಅರ್ಥ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೆಚ್ಚಗಿರುತ್ತದೆ ಅನ್ನುವವರಿದ್ದಾರೆ. ಬೆಚ್ಚಗೇನೋ ಇರುತ್ತದೆ, ಮಸಿ ಅಂಟುತ್ತದೆ.

ಬಣ್ಣ ಆರು ಸಾಕು: ಲೆಮನ್ ಯೆಲ್ಲೊ, ಯೆಲ್ಲೊ ಓಕರ್, ಬರ್ಂಟ್ ಸಿಯೆನಾ, ಕ್ರಿಮ್ಸನ್, ಅಲ್ಟ್ರಾಮರೀನ್, ಥಾಲೊ ಬ್ಲೂ. ಕಪ್ಪು ಬೇಡ. ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನಾ ಸುಮಾರು ಸಮಸಮ ಬೆರೆಸಿದರೆ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ. ನೀಲಿ ಹೆಚ್ಚಾದರೆ ತಣ್ಣನೆಯ ಬೂದು, ಸಿಯೆನಾ ಹೆಚ್ಚಾದರೆ ಬೆಚ್ಚನೆಯ ಬೂದು. ಇವತ್ತಿನ ಚಿತ್ರಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಿಶ್ರಣದ್ದೇ. ಅಲ್ಟ್ರಾಮರೀನಿಗೆ ಕಣಕಣವಾಗಿ ಕಾಗದದ ಗುಳಿಗಳಲ್ಲಿ ಕೂರುವ ಗುಣವಿದೆ. ಬಂಡೆಗೆ, ಗುಡ್ಡಕ್ಕೆ ಅದು ಚೆಂದ, ಹಕ್ಕಿಯ ಮೈಯಲ್ಲಿ ಕೊಳೆಯ ಹಾಗೆ ಕಾಣುತ್ತದೆ. ಥಾಲೊ ಬ್ಲೂಗೆ ಆ ತೊಂದರೆಯಿಲ್ಲ, ಆದರೆ ಅದು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ತೊಳೆದರೂ ಹೋಗದು. ಕಡಲೆಕಾಳಿನಷ್ಟು ತೆಗೆಯುವ ಜಾಗದಲ್ಲಿ ಸಾಸಿವೆಯಷ್ಟು ತೆಗೆಯಿರಿ. ಜೇನು ಬೆರೆತ ಪ್ಯಾನ್ (ಬಿಲ್ಲೆ) ಬಣ್ಣಗಳು ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಬೆಲ್ಲದ ಹಾಗೆ ಅಂಟಂಟಾಗಿರುತ್ತವೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ಒದ್ದೆಯಾಗಿದ್ದಾಗಲೇ ಮುಚ್ಚಿದರೆ ಒಂದು ವಾರದಲ್ಲಿ ಬೂಸ್ಟು ಖಂಡಿತ.

ಬ್ರಷ್‌ಗಳು: 12, 8, 4ನೇ ನಂಬರಿನ ರೌಂಡ್, ಒಂದೂವರೆ ಇಂಚಿನ ಚಪ್ಪಟೆಯದು ಒಂದು. ನೀರಿಗೆ ಎರಡು ಡಬ್ಬ, ತೊಳೆಯಲು ಒಂದು, ಬೆರೆಸಲು ಒಂದು. ಮಳೆಯಲ್ಲಿ ಕೊಡೆ ಹಿಡಿಯುವುದಾದರೆ ಕಪ್ಪು ಕೊಡೆಯೇ ಆಗಬೇಕು. ಕೆಂಪು, ನೀಲಿ ಕೊಡೆಯ ಕೆಳಗೆ ಕಾಗದವೇ ಬಣ್ಣ ತಿರುಗುತ್ತದೆ, ಮನೆಗೆ ಬಂದು ನೋಡಿದರೆ ಚಿತ್ರ ಬೇರೆಯೇ.

ಈಗ ಮಂಜು. ಕೂರುವ ಮೊದಲೇ ಒಂದು ತೀರ್ಮಾನ ಆಗಬೇಕು. ಎದುರಿಗಿರುವುದು ಕಣಿವೆಯ ಮಂಜೋ, ಇಳಿದ ಮೋಡವೋ? ಕಣಿವೆ ಮಂಜಿನಲ್ಲಿ ಗುಡ್ಡದ ನೆತ್ತಿ ಕಾಣುತ್ತದೆ, ಬುಡ ಕರಗಿರುತ್ತದೆ. ಚಳಿಗಾಲದ ಬೆಳಗ್ಗೆ ಕುಂದಾದ್ರಿಯ ಮೇಲೆ ನಿಂತರೆ ಕಾಣುವುದು ಇದು. ಮಳೆಗಾಲದ ಮೋಡದಲ್ಲಿ ಬುಡ ಕಾಣುತ್ತದೆ, ನೆತ್ತಿ ಮಾಯ. ಎರಡನ್ನೂ ಒಂದೇ ಚಿತ್ರದಲ್ಲಿ ಕಲಸಿದರೆ ಗುಡ್ಡ ತೇಲಲು ಶುರುವಾಗುತ್ತದೆ.

ಬಣ್ಣವೂ ಬೇರೆ. ಡಿಸೆಂಬರಿನ ಒಣ ಗಾಳಿಯಲ್ಲಿ ದೂರದ ಗುಡ್ಡ ನೀಲಿ, ಏಕೆಂದರೆ ಗಾಳಿಯ ಅಣುಗಳು, ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಮಂಜಿನ ಹನಿ ಅವಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ಹಾಗಾಗಿ ಜುಲೈನಲ್ಲಿ ದೂರದ ಗುಡ್ಡ ಬೂದು ಬಿಳಿ. ದೂರ ಅಂದರೆ ನೀಲಿ ಅಂತ ಬಾಯಿಪಾಠ ಮಾಡಿಕೊಂಡವರು ಆಷಾಢದ ಚಿತ್ರದಲ್ಲೂ ನೀಲಿ ಗುಡ್ಡ ಬರೆಯುತ್ತಾರೆ. ಅದು ಆಗುಂಬೆಯಲ್ಲ, ಕ್ಯಾಲೆಂಡರ್.

ಬಣ್ಣದ ಗಟ್ಟಿತನಕ್ಕೆ ನಮ್ಮ ಅಡುಗೆಮನೆಯ ಅಳತೆಯೇ ಸಾಕು: ನೀರುಮಜ್ಜಿಗೆ, ಹಾಲು, ಮೊಸರು. ಅತಿ ದೂರದ ಗುಡ್ಡಕ್ಕೆ ನೀರುಮಜ್ಜಿಗೆಯ ಹದ. 11×15 ಹಾಳೆಗೆ ಒಂದು ಸಾಲು ಗುಡ್ಡ ಎಳೆಯಲು ಎರಡು ಟೇಬಲ್ ಚಮಚದಷ್ಟಾದರೂ ಬಣ್ಣದ ನೀರು ಮೊದಲೇ ಬೆರೆಸಿಟ್ಟುಕೊಂಡಿರಬೇಕು. ಅರ್ಧದಲ್ಲಿ ಖಾಲಿಯಾಗಿ ಮತ್ತೆ ಬೆರೆಸುವಷ್ಟರಲ್ಲಿ ಹಿಂದಿನದರ ಅಂಚು ಒಣಗಿ ಗೆರೆ ಕೂತುಬಿಡುತ್ತದೆ. ಬೋರ್ಡಿನ ಹಿಂಬದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಇಳಿಜಾರು ಮಾಡಿ.

ನೋಡಿ, ಹೀಗೆ. ಗುಡ್ಡದ ನೆತ್ತಿಯ ಗೆರೆಯಿಂದ ಎರಡು ಬೆರಳು ಕೆಳಗೆ ಶುದ್ಧ ನೀರಿನಲ್ಲಿ ಪಟ್ಟಿ ಎಳೆದೆ. ನೆತ್ತಿಯ ಹತ್ತಿರ ಕಾಗದ ಒಣಗಿಯೇ ಇದೆ. ಈಗ 12ನೇ ನಂಬರಿನಲ್ಲಿ ನೆತ್ತಿಯನ್ನು ಒಣ ಕಾಗದದ ಮೇಲೆ ಎಳೆಯುತ್ತಿದ್ದೇನೆ, ಅಂಚು ಚೂಪಾಗಿ ನಿಲ್ಲುತ್ತದೆ. ಅಲ್ಲಿಂದ ಬಣ್ಣವನ್ನು ಕೆಳಕ್ಕೆ ಎಳೆದು ಒದ್ದೆ ಪಟ್ಟಿಗೆ ಮುಟ್ಟಿಸಿ ಬಿಟ್ಟೆ. ಮುಂದೆ ಬ್ರಷ್ ಕೆಲಸವಿಲ್ಲ, ನೀರೇ ಬಣ್ಣವನ್ನು ಎಳೆದುಕೊಂಡು ಹೋಗಿ ಕಾಗದದ ಬಿಳಿಯಲ್ಲಿ ಕರಗಿಸುತ್ತದೆ. ಆ ಕರಗಿದ ಜಾಗವೇ ಮಂಜು. ಮೇಲೆ ಚೂಪು, ಕೆಳಗೆ ಕರಗು. ಎರಡೂ ಕಡೆ ಕರಗಿದರೆ ಹತ್ತಿಯುಂಡೆ, ಎರಡೂ ಕಡೆ ಚೂಪಾದರೆ ಕತ್ತರಿಸಿ ಅಂಟಿಸಿದ ರಟ್ಟು.

ಎರಡನೇ ಸಾಲಿಗೆ ಹೋಗುವ ಮುನ್ನ ಕಾಯಬೇಕು, ಎಲ್ಲರೂ ಸೋಲುವುದು ಇಲ್ಲೇ. ಕಾಗದ ಒಣಗುವಾಗ ಮೂರು ಹಂತ ದಾಟುತ್ತದೆ. ಮೊದಲು ನೀರು ನಿಂತ ಹೊಳಪು. ಆಮೇಲೆ ರೇಷ್ಮೆಯ ಹಾಗೆ ಮಂಕು ಹೊಳಪು. ಕೊನೆಗೆ ಹೊಳಪೇ ಇಲ್ಲ, ಮುಟ್ಟಿದರೆ ಮಾತ್ರ ತಣ್ಣಗೆ. ಎರಡನೇ, ಮೂರನೇ ಹಂತದಲ್ಲಿ ಒದ್ದೆ ಬ್ರಷ್ ಇಟ್ಟಿರೋ, ಆ ಹೊಸ ನೀರು ಅರೆಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಕೂರಿಸುತ್ತದೆ, ಹೂಕೋಸು ಅರಳಿದ ಹಾಗೆ ಕಲೆ. ಅಂಗೈಯಲ್ಲಿ ಮುಟ್ಟಬೇಡಿ, ಎಣ್ಣೆ ಹತ್ತುತ್ತದೆ. ಬೆರಳ ಹಿಂಬದಿ ಮುಟ್ಟಿಸಿ, ತಣ್ಣಗಿಲ್ಲದಿದ್ದರೆ ಮಾತ್ರ ಮುಂದಿನ ಸಾಲು. ಮಾರ್ಚಿನಲ್ಲಿ ಹತ್ತು ನಿಮಿಷಕ್ಕೆ ಒಣಗುವ ವಾಶ್ ಜುಲೈನಲ್ಲಿ ಮುಕ್ಕಾಲು ಗಂಟೆಯಾದರೂ ತಣ್ಣಗೇ ಇರುತ್ತದೆ. ಹೇರ್ ಡ್ರೈಯರ್ ಹಿಡಿಯಬಹುದು, ಕರೆಂಟ್ ಇದ್ದರೆ. ಒಂದು ಅಡಿ ದೂರದಿಂದ, ಅದೂ ನಿಂತ ನೀರು ಹೋದ ಮೇಲೆ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ತಳ್ಳಿಕೊಂಡು ಹೋಗುತ್ತದೆ.

ಹೀಗೆ ನಾಲ್ಕು ಸಾಲು, ಹೆಚ್ಚೆಂದರೆ ಐದು. ಪ್ರತಿ ಸಾಲಿಗೂ ಬಣ್ಣ ಒಂದು ಹದ ಗಟ್ಟಿಯಾಗುತ್ತ, ನೀಲಿ ಕಡಿಮೆಯಾಗಿ ಸಿಯೆನಾ, ಓಕರ್ ಹೆಚ್ಚುತ್ತ ಬರಲಿ. ಒಣಗಿದ ಮೇಲೆ ಎಲ್ಲವೂ ತಿಳಿಯಾಗುವುದರಿಂದ ಹಾಕುವಾಗ ಸ್ವಲ್ಪ ಹೆಚ್ಚೇ ಅನ್ನಿಸಬೇಕು. ಸಾಲುಗಳ ನಡುವಿನ ಅಂತರ ಒಂದೇ ಸಮ ಇರಬಾರದು. ಇದ್ದರೆ ಗುಡ್ಡ ಹೋಗಿ ಏಣಿಯಾಗುತ್ತದೆ. ಹತ್ತಿರದ ಸಾಲಿನಲ್ಲಿ ಮಾತ್ರ ಮರದ ನೆತ್ತಿಗಳು ಬೇರೆ ಬೇರೆಯಾಗಿ ಕಾಣಲಿ, ಹಿಂದಿನ ಸಾಲುಗಳಲ್ಲಿ ಒಂದು ಮರವನ್ನೂ ಬರೆಯಬೇಡಿ.

ಹಸಿರಿನ ಬಗ್ಗೆ ಎರಡೇ ಮಾತು. ಟ್ಯೂಬಿನ ಸ್ಯಾಪ್ ಗ್ರೀನ್ ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಗಿಡ. ಸಸಿಮಡಿಯ ಹಸಿರಿಗೆ ಲೆಮನ್ ಯೆಲ್ಲೊ, ಅದರಲ್ಲಿ ಸಾಸಿವೆಯಷ್ಟು ಥಾಲೊ. ಕಾಡಿನ ಹಸಿರಿಗೆ ಓಕರ್ ಮತ್ತು ಅಲ್ಟ್ರಾಮರೀನ್. ಅಡಿಕೆ ತೋಟದ ಒಳಗಿನ ಕತ್ತಲಿಗೆ ಥಾಲೊ ಮತ್ತು ಬರ್ಂಟ್ ಸಿಯೆನಾ, ಮೊಸರಿನ ಹದದಲ್ಲಿ. ಅಡಿಕೆ ಮರವನ್ನು ಬರೆಯುವ ಬದಲು ಮರಗಳ ನಡುವಿನ ಕತ್ತಲನ್ನು ಬರೆಯಿರಿ. ಕಲ್ಲುಹೂವು ಹತ್ತಿ ಬೆಳ್ಳಗಾದ ಕಾಂಡ ತಾನಾಗಿ ಉಳಿದುಕೊಳ್ಳುತ್ತದೆ. ಸಾಲಾಗಿ ಸಮ ಅಂತರದಲ್ಲಿ ಉಳಿಸಿದರೆ ಬೇಲಿಯಾಗುತ್ತದೆ, ಎರಡು ಮೂರನ್ನು ಒಟ್ಟಿಗೆ ಸೇರಿಸಿ, ಒಂದನ್ನು ದೂರ ಇಡಿ.

ಜೋಗಕ್ಕೂ ಇದೇ ನಿಯಮ. ನೀರನ್ನು ಬರೆಯುವುದಿಲ್ಲ, ಬಂಡೆಯನ್ನು ಬರೆಯುತ್ತೇವೆ. 253 ಮೀಟರ್ ಎತ್ತರದಿಂದ ಬೀಳುವ ನೀರು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಕೆಳಗೆ ಮುಟ್ಟಲು 7 ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಕು. ಬರೆಯುವ ಮೊದಲು ಐದು ನಿಮಿಷ ಇದೊಂದು ಕೆಲಸ ಮಾಡಿ. ತುದಿಯಲ್ಲಿ ಒಂದು ಮುದ್ದೆ ನೀರನ್ನು ಕಣ್ಣಲ್ಲಿ ಹಿಡಿದು, ಬುಡದ ತನಕ ಅದರ ಜೊತೆಗೇ ಇಳಿಯಿರಿ. ಸುಮ್ಮನೆ ನೋಡಿದರೆ ಉದ್ದ ಗೆರೆಗಳು ಕಾಣುತ್ತವೆ. ಹಿಂಬಾಲಿಸಿದರೆ ಮೇಲೆ ಬಿಗಿಯಾಗಿದ್ದ ನೀರು ಇಳಿಯುತ್ತ ಒಡೆದು, ಮೊನೆ ಕೆಳಗೆ ಬಾಲ ಮೇಲೆ ಆಗಿ, ಕೊನೆಗೆ ಹೊಗೆಯಾಗುವುದು ಕಾಣುತ್ತದೆ. ಗೆರೆ ಎಳೆದ ಜೋಗ ಒಣಹಾಕಿದ ಸೀರೆಯ ಹಾಗೆ ಕಾಣುವುದು ಈ ಕಾರಣಕ್ಕೆ.

ನಾಲ್ಕು ಧಾರೆಗೂ ಬ್ರಷ್ ಬೇರೆ ಬೇರೆ ಥರ ನಡೆಯಬೇಕು. ರಾಜ ಒಂದೇ ಕಂಬವಾಗಿ ನೇರ ಬೀಳುತ್ತದೆ, ಅದರ ಎರಡೂ ಬದಿಯ ಬಂಡೆಯನ್ನು ತುಂಬಿದ ಬ್ರಷ್‌ನಲ್ಲಿ ಒಂದೇ ಎಳೆತಕ್ಕೆ ಬರೆದು ಬಿಡಿ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುವುದು, ಅಲ್ಲಿ ಬಂಡೆಯ ಬಣ್ಣವನ್ನು ಒಣ ಬ್ರಷ್‌ನಲ್ಲಿ ಕಾಗದದ ಮೇಲೆ ತೇಲಿಸಿ, ಗುಳಿಗಳಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ರೋರರ್‌ನ ನೀರು ಬಂಡೆಗಳ ನಡುವೆ ಕುದಿಯುತ್ತ ನುಗ್ಗುವುದರಿಂದ ಅಲ್ಲಿ ಬಂಡೆಯ ಚೂರುಗಳು ಒಡೆದೊಡೆದು ಬರಲಿ. ರಾಣಿ ಬಂಡೆಗೆ ಒರಗಿಕೊಂಡು ಹರಡಿ ಇಳಿಯುತ್ತದೆ, ಅದರ ಅಂಚನ್ನು ಅಲ್ಲಲ್ಲಿ ಒದ್ದೆ ಮಾಡಿ ಕರಗಿಸಿ. ಮಳೆ ಜೋರಾಗಿ ನಾಲ್ಕೂ ಒಂದಾದ ದಿನ ಈ ವ್ಯತ್ಯಾಸ ಸಿಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಹಿಡಿದಿರುವುದರಿಂದ ಬೇಸಿಗೆಯಲ್ಲಿ ಧಾರೆಯೇ ಸಣಕಲು. ಮಳೆ ಇಳಿಮುಖವಾದ ಮೇಲೆ, ನೀರು ಇನ್ನೂ ಇರುವಾಗ ಹೋಗಿ.

ಒದ್ದೆ ಬಂಡೆಗೆ ಅಲ್ಟ್ರಾಮರೀನ್, ಸಿಯೆನಾ, ಒಂದು ತೊಟ್ಟು ಕ್ರಿಮ್ಸನ್. ಹಾಲಿನ ಹದದಲ್ಲಿ ಒಂದು ಪದರ, ಒಣಗಿದ ಮೇಲೆ ಬಿರುಕುಗಳಿಗೆ ಮೊಸರಿನ ಹದ. ತುದಿಯಲ್ಲಿ ನೀರು ಬಂಡೆ ಬಿಡುವ ಜಾಗ ಚೂಪಾಗಿರಲಿ, ಬುಡದಲ್ಲಿ ಅಂಚೇ ಬೇಡ, ಬಂಡೆಯೂ ತುಂತುರಿನಲ್ಲಿ ಕರಗಿಹೋಗಲಿ. ಧಾರೆಯ ಒಳಗೆ ನೀರುಮಜ್ಜಿಗೆ ಬೂದಿನ ಮೂರು ನಾಲ್ಕು ಗೆರೆ ಸಾಕು. ಐದನೆಯದು ಎಳೆಯಬೇಕು ಅನ್ನಿಸಿದಾಗ ಬ್ರಷ್ ತೊಳೆದಿಡಿ.

ಇನ್ನು ಬೆಳ್ಳಕ್ಕಿ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ದಡದ ಗೋಪುರದಿಂದಲೇ ಬರೆಯಬಹುದು. ಹತ್ತಿರ ಹೋಗುವ ಆಸೆ ಬೇಡ. ಗೂಡಿನ ಹಕ್ಕಿ ಕತ್ತು ನೆಟ್ಟಗೆ ಮಾಡಿ ನಿಂತಿತು ಅಂದರೆ ನೀವು ಹೆಚ್ಚಾಗಿಯೇ ಹತ್ತಿರ ಹೋಗಿದ್ದೀರಿ. ಅದಲ್ಲದೆ ಹೆದರಿ ನಿಂತ ಹಕ್ಕಿಯ ಭಂಗಿ ಚಿತ್ರಕ್ಕೂ ಉಪಯೋಗಕ್ಕೆ ಬರುವುದಿಲ್ಲ.

ಯಾವ ಬೆಳ್ಳಕ್ಕಿ ಅನ್ನುವುದು ಮೊದಲು ಗೊತ್ತಾಗಬೇಕು, ಏಕೆಂದರೆ ಬರೆಯುವ ಗೆರೆಯೇ ಬೇರೆ. ಬಾಯಿಯ ಸೀಳು ಎಲ್ಲಿಗೆ ಮುಗಿಯುತ್ತದೆ ನೋಡಿ. ದೊಡ್ಡ ಬೆಳ್ಳಕ್ಕಿಯಲ್ಲಿ ಅದು ಕಣ್ಣನ್ನು ದಾಟಿ ಹಿಂದೆ ಹೋಗುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ, ಕೊಕ್ಕು ಗಿಡ್ಡ, ತಲೆ ದುಂಡಗೆ. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿ. ಕೊಕ್ಕಿನ ಬಣ್ಣವನ್ನು ಪುಸ್ತಕದಿಂದ ನಂಬಬೇಡಿ. ದೊಡ್ಡದಕ್ಕೂ ಮಧ್ಯಮಕ್ಕೂ ಉಳಿದ ಕಾಲದಲ್ಲಿ ಹಳದಿ ಇರುವ ಕೊಕ್ಕು ಗೂಡಿನ ಕಾಲದಲ್ಲಿ ಕಪ್ಪಾಗುತ್ತದೆ. ಜುಲೈನ ಗೂಡಿನ ಮೇಲೆ ಹಳದಿ ಕೊಕ್ಕಿನ ಬೆಳ್ಳಕ್ಕಿ ಬರೆದರೆ, ಬಲ್ಲವರು ಫೋಟೋ ಬೇರೆ, ಜಾಗ ಬೇರೆ ಅಂತ ಹಿಡಿದುಬಿಡುತ್ತಾರೆ. ಬೆನ್ನಿನಿಂದ ಇಳಿಬಿದ್ದ ಜರತಾರಿ ಗರಿಗಳೂ ಆ ಕಾಲದವು.

ಸ್ಕೆಚ್‌ಗೆ ಎಂಟು ಹತ್ತು ಅರೆಬರೆ ಹಕ್ಕಿಗಳನ್ನು ಒಂದೇ ಪುಟದಲ್ಲಿ ಶುರು ಮಾಡಿ. ಒಂದಕ್ಕೆ ಇಪ್ಪತ್ತು ಸೆಕೆಂಡು. ಹಕ್ಕಿ ಭಂಗಿ ಬದಲಿಸಿದ ಕೂಡಲೇ ಅದನ್ನು ಅಲ್ಲೇ ಬಿಟ್ಟು ಮುಂದಿನದು. ಹಕ್ಕಿಗಳಿಗೆ ಇರುವುದು ಬೆರಳೆಣಿಕೆಯ ಭಂಗಿಗಳೇ, ಐದು ನಿಮಿಷದಲ್ಲಿ ಮತ್ತೆ ಅದೇ ಭಂಗಿಗೆ ಬರುತ್ತದೆ. ಆಗ ಬಿಟ್ಟಲ್ಲಿಂದ ಮುಂದುವರಿಸಿ. ಮೊದಲು ಮೈಯ ವಾಲು ತೋರಿಸುವ ಒಂದು ಗೆರೆ, ಅದರ ಮೇಲೆ ಮೈಗೆ ಒಂದು ಮೊಟ್ಟೆಯಾಕಾರ, ಆಮೇಲೆ ತಲೆಯ ಸಣ್ಣ ಗುಂಡು, ಕೊಕ್ಕು, ಕೊನೆಗೆ ಮೈಯನ್ನೂ ತಲೆಯನ್ನೂ ಸೇರಿಸುವ ಕತ್ತು. ಅಳತೆಗೆ ಕೊಕ್ಕನ್ನೇ ಕೋಲು ಮಾಡಿಕೊಳ್ಳಿ. ಮೈ ಎಷ್ಟು ಕೊಕ್ಕಿನ ಉದ್ದ, ಕಾಲು ಎಷ್ಟು ಕೊಕ್ಕಿನ ಉದ್ದ ಅಂತ ಮೊದಲೇ ಎಣಿಸಿ ಪುಟದ ಮೂಲೆಯಲ್ಲಿ ಬರೆದಿಡಿ.

ಕತ್ತು ಬಹುಪಾಲು ಚಿತ್ರಗಳಲ್ಲಿ ತಪ್ಪು. ಎಲ್ಲರೂ ಚೆಂದದ ಬಳುಕು ಎಳೆಯುತ್ತಾರೆ, ಹಂಸದ ಹಾಗೆ. ಬೆಳ್ಳಕ್ಕಿಯ ಕತ್ತಿನ ಆರನೇ ಮೂಳೆ ಉಳಿದವಕ್ಕಿಂತ ಉದ್ದ. ಅಲ್ಲಿ ಕತ್ತು ಬಳುಕುವುದಿಲ್ಲ, ಮುರಿಯುತ್ತದೆ. ಈಟಿ ಎಸೆದ ಹಾಗೆ ಮೀನಿಗೆ ಕೊಕ್ಕು ಹಾಯಿಸಲು ಆ ಮುರಿವೇ ಬೇಕು. ಹಾಗಾಗಿ ಕತ್ತನ್ನು ಮೂರು ತುಂಡು ನೇರ ಗೆರೆಯಲ್ಲಿ ಬರೆದು, ಆಮೇಲೆ ಮೂಲೆಗಳನ್ನು ಸ್ವಲ್ಪ ಸವರಿ. ಒಂದು ಮೂಲೆ ಚೂಪಾಗಿಯೇ ಉಳಿಯಲಿ. ಕಾಲಿನಲ್ಲಿ ಹಿಂದಕ್ಕೆ ಮಡಿಸಿದ ಹಾಗೆ ಕಾಣುವ ಗಂಟು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಗರಿಯೊಳಗೆ, ನಮ್ಮದರ ಹಾಗೆ ಮುಂದಕ್ಕೇ ಮಡಿಯುತ್ತದೆ. ಹಾಗಾಗಿ ಕಾಲು ಹೊರಗೆ ಕಾಣಿಸಿಕೊಳ್ಳುವುದು ಬಾಲದ ಹತ್ತಿರವಲ್ಲ, ಮೈಯ ನಡುಭಾಗದಲ್ಲಿ. ಮೊಟ್ಟೆಯ ನಡುವಿನಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಬೆರಳುಗಳ ಮೇಲೆ ಬೀಳಬೇಕು. ಬೀಳದಿದ್ದರೆ ಎಷ್ಟು ಚೆನ್ನಾಗಿ ಬಣ್ಣ ತುಂಬಿದರೂ ಹಕ್ಕಿ ಮುಗ್ಗರಿಸುತ್ತಿರುತ್ತದೆ.

ಹಾರುವಾಗ ಬೆಳ್ಳಕ್ಕಿ ಕತ್ತು ಮಡಿಸಿಕೊಳ್ಳುತ್ತದೆ, ಕಾಲು ಹಿಂದಕ್ಕೆ ಚಾಚಿರುತ್ತದೆ. ಸೊರಬದ ಗುಡವಿ ಪಕ್ಷಿಧಾಮದಲ್ಲಿ ಕಾಣುವ, ತಲೆ ಕತ್ತು ಕಪ್ಪಾಗಿರುವ ಬಿಳಿ ಕೆಂಬರಲು ಕತ್ತನ್ನು ಮುಂದಕ್ಕೆ ನೀಡಿ ಹಾರುತ್ತದೆ. ದೂರದ ಆಕಾಶದಲ್ಲಿ ಮೂರು ಮಿಲಿಮೀಟರಿನ ಹಕ್ಕಿ ಬರೆಯುವಾಗಲೂ ಇದು ತಪ್ಪಬಾರದು.

ಬಣ್ಣಕ್ಕೆ ಬರೋಣ. ಬೆಳ್ಳಕ್ಕಿ ಯಾವಾಗಲೂ ಬೆಳ್ಳಗಿರುವುದಿಲ್ಲ. ಕಾಡಿನ ಕತ್ತಲ ಮುಂದೆ ಕೂತರೆ ಬಿಳಿ. ಮೋಡದ ಬೆಳಕಿನ ಆಕಾಶದ ಮುಂದೆ ಬಂದರೆ ಅದೇ ಹಕ್ಕಿ ಬೂದು, ಏಕೆಂದರೆ ಬೆಳಕು ಅದರ ಹಿಂದಿದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ತಿಳಿಯುತ್ತದೆ. ಆಕಾಶದ ಹಕ್ಕಿಯನ್ನು ಬಿಳಿ ಬಿಟ್ಟರೆ ಕಾಗದ ತೂತಾದ ಹಾಗೆ ಕಾಣುತ್ತದೆ, ನೀರುಮಜ್ಜಿಗೆ ಬೂದು ಹಚ್ಚಿ.

ಕತ್ತಲ ಮುಂದಿನ ಹಕ್ಕಿಯನ್ನು ಈಗ ಬರೆಯುತ್ತೇನೆ. ಮೊದಲು ಹಿನ್ನೆಲೆ. ಥಾಲೊ, ಸಿಯೆನಾ ಮೊಸರಿನ ಹದದಲ್ಲಿ ಒಂದು ಬ್ರಷ್‌ನಲ್ಲಿ, ಶುದ್ಧ ನೀರು ಇನ್ನೊಂದರಲ್ಲಿ. ಬೆನ್ನಿನ ಅಂಚಿಗೆ 8ನೇ ನಂಬರಿನ ಮೊನೆಯಿಂದ ಬಣ್ಣ ಕೊಟ್ಟು, ತಕ್ಷಣ ಹೊರಗಿನ ಕಡೆಗೆ ನೀರಿನ ಬ್ರಷ್‌ನಲ್ಲಿ ಹರಡುತ್ತೇನೆ. ಹಕ್ಕಿಯ ಕಡೆ ಚೂಪು, ಕಾಡಿನ ಕಡೆ ಕರಗು. ಒಂದು ಸಲಕ್ಕೆ ಎರಡು ಇಂಚಿಗಿಂತ ಹೆಚ್ಚು ಬೇಡ. ಹಕ್ಕಿಯ ಸುತ್ತ ಒಂದೇ ಸಮ ಗಾಢ ಹಚ್ಚಿದರೆ ಬೆಳಕಿನ ಬಳೆ ತೊಡಿಸಿದ ದೇವರಪಟ ಆಗಿಬಿಡುತ್ತದೆ. ಬೆನ್ನಿನ ಹಿಂದೆ ಗಾಢ, ಹೊಟ್ಟೆಯ ಕೆಳಗೆ ತಿಳಿ, ಹಾಗಿರಲಿ. ಹೊಟ್ಟೆಯ ಹತ್ತಿರ ಅಂಚು ಅಲ್ಲಲ್ಲಿ ಕಳೆದುಹೋದರೂ ಒಳ್ಳೆಯದೇ.

ಹಿನ್ನೆಲೆ ಪೂರ್ತಿ ಒಣಗಿತು ಅನ್ನಿ. ಮಳೆಗಾಲದಲ್ಲಿ ಬೆಳಕು ಮೇಲಿನಿಂದ ಸಮನಾಗಿ ಇಳಿಯುತ್ತದೆ. ಹಾಗಾಗಿ ಬೆನ್ನು, ತಲೆ, ರೆಕ್ಕೆಯ ಮೇಲ್ಭಾಗ ಕಾಗದದ ಬಿಳಿಯಾಗಿಯೇ ಉಳಿಯಲಿ. ನೆರಳು ಹೊಟ್ಟೆಗೆ, ಕತ್ತಿನ ಕೆಳಬದಿಗೆ, ರೆಕ್ಕೆಯ ಕೆಳಗೆ. ನೆರಳಿನ ಬಣ್ಣಕ್ಕೆ ಬರಿ ಬೂದು ಹಾಕಿದರೆ ಹಕ್ಕಿ ಸಿಮೆಂಟಿನದಾಗುತ್ತದೆ. ಕೆಳಗೆ ಎಲೆಗಳಿವೆ, ಅವುಗಳಿಂದ ಹಸಿರು ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಥಾಲೊ ಮತ್ತು ಸಿಯೆನಾ ತೀರಾ ತೆಳ್ಳಗೆ, ಹೊಟ್ಟೆಯ ತಗ್ಗಿಗೆ ಬಂದಾಗ ಅದರಲ್ಲಿ ಲೆಮನ್ ಯೆಲ್ಲೊದ ಒಂದು ಹನಿ. ಎಷ್ಟು ತೆಳ್ಳಗೆ ಅಂದರೆ, ಪ್ಯಾಲೆಟ್‌ನಲ್ಲಿ ಕೊಳೆ ನೀರಿನ ಹಾಗೆ ಕಾಣಬೇಕು. ಮೈಯ ನೂರರಲ್ಲಿ ಮೂವತ್ತು ಪಾಲಿಗಿಂತ ಹೆಚ್ಚು ಜಾಗಕ್ಕೆ ನೆರಳು ಹೋಗದಿರಲಿ. ಗರಿ ಗರಿ ಎಣಿಸಿ ಬರೆಯಬೇಡಿ, ಮಡಿಸಿದ ರೆಕ್ಕೆಯಲ್ಲಿ ಎರಡು ಗೆರೆ ಸಾಕು. ಕಣ್ಣು, ಕೊಕ್ಕು ಕೊನೆಗೆ, 4ನೇ ನಂಬರಿನಲ್ಲಿ. ಕೊಕ್ಕಿನ ಮೇಲಂಚಿಗೆ ಕೂದಲೆಳೆಯಷ್ಟು ಬಿಳಿ ಬಿಡಿ, ಒದ್ದೆ ಹೊಳಪು ಬರುತ್ತದೆ.

ಪಕ್ಕದಲ್ಲಿ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿರುವ ನೀರುಕಾಗೆಗೂ ಬಿಳಿಯ ನಿಯಮವೇ. ಅದು ಕಪ್ಪಲ್ಲ. ಭುಜದ ಮೇಲೆ ಆಕಾಶದ ಬೆಳಕು ಬಿದ್ದ ಜಾಗವನ್ನು ತಿಳಿ ಬೂದಾಗಿ ಬಿಟ್ಟು, ಉಳಿದದ್ದನ್ನು ಒಂದೇ ಸಲ ಗಾಢವಾಗಿ ತುಂಬಿದರೆ ಮೈ ದುಂಡಗಾಗುತ್ತದೆ. ಮಿಂಚುಳ್ಳಿಯ ನೀಲಿಗೂ ಬಿಳಿ ಬೆರೆಸುವಂತಿಲ್ಲ. ಆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ. ಥಾಲೊವನ್ನು ತೆಳ್ಳಗೆ ಕಾಗದದ ಮೇಲೆ ನೇರವಾಗಿ ಹಚ್ಚಿ, ಬೆನ್ನಿನ ನಡುವೆ ಸಣ್ಣ ಪಟ್ಟಿ ಇನ್ನೂ ತೆಳ್ಳಗೆ ಬಿಡಿ. ದೊಡ್ಡ ಮಂಗಟ್ಟೆಯ ಕತ್ತಿನ ಬಿಳಿ ಮಾತ್ರ ಬಿಡುವ ಬಿಳಿಯಲ್ಲ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಅದು ಗರಿಗೆ ಸವರಿಕೊಳ್ಳುವುದರಿಂದ ಹಳದಿ ಹತ್ತಿರುತ್ತದೆ. ಅಲ್ಲಿಗೆ ಓಕರ್, ಲೆಮನ್ ಯೆಲ್ಲೊ, ಅಂಚು ಕರಗಿಸಿ.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದೆ.

ಫೋಟೋ ನೋಡಿ ಬರೆಯಬಹುದೇ? ಬರೆಯಬಹುದು, ಬಿಳಿಯನ್ನು ಮಾತ್ರ ಫೋಟೋದಿಂದ ತೆಗೆದುಕೊಳ್ಳಬೇಡಿ. ಮೊಬೈಲ್ ಕತ್ತಲ ಕಾಡಿಗೆ ಹೊಂದಿಸಿಕೊಂಡು ಬೆಳ್ಳಕ್ಕಿಯನ್ನು ಸುಟ್ಟ ಬಿಳಿ ಮಾಡುತ್ತದೆ, ಹೊಟ್ಟೆಯ ಹಸಿರು ನೆರಳು ಅದರಲ್ಲಿ ಇರುವುದೇ ಇಲ್ಲ. ಕೊಕ್ಕು, ಬೆರಳು, ಗರಿಯ ಅಳತೆಗೆ ಫೋಟೋ, ನೆರಳಿಗೆ ಸ್ಥಳದಲ್ಲೇ ಬರೆದಿಟ್ಟ ಟಿಪ್ಪಣಿ.

ಮಾಸ್ಕಿಂಗ್ ಫ್ಲೂಯಿಡ್? ಬಿಳಿ ಉಳಿಯಬೇಕಾದ ಜಾಗಕ್ಕೆ ಮೊದಲೇ ಹಚ್ಚಿ, ಬಣ್ಣ ಒಣಗಿದ ಮೇಲೆ ಕೀಳುವ ರಬ್ಬರ್ ಹಾಲು ಅದು. ಹಚ್ಚುವ ಬ್ರಷ್ ಅನ್ನು ಮೊದಲು ಸೋಪಿನಲ್ಲಿ ಅದ್ದದಿದ್ದರೆ ಬ್ರಷ್ ಹೋಯಿತು. ಕಾಗದ ಪೂರ್ತಿ ಒಣಗಿರಬೇಕು, ಹಚ್ಚಿದ್ದನ್ನು ಅದೇ ದಿನ ಕೀಳಬೇಕು. ಬಿಸಿಲಿಗೆ ಇಟ್ಟರೆ, ಡ್ರೈಯರ್ ಹಿಡಿದರೆ ಕಚ್ಚಿಕೊಂಡು ಕಾಗದವನ್ನೇ ಕಿತ್ತುಕೊಂಡು ಬರುತ್ತದೆ. ಅದು ಬಿಡುವ ಅಂಚು ಎಲ್ಲ ಕಡೆ ಒಂದೇ ಥರ ಚೂಪು, ಹಕ್ಕಿ ಅಂಟಿಸಿದ ಸ್ಟಿಕರ್ ಆಗುತ್ತದೆ. ಜೋಗದ ತುಂತುರಿನ ಚುಕ್ಕೆಗೆ ಬೇಕಾದರೆ ಬಳಸಿ, ಬೆಳ್ಳಕ್ಕಿಗೆ ಬೇಡ.

ಬೆನ್ನಿನ ಜರತಾರಿ ಗರಿಗಳು ಕತ್ತಲ ಹಿನ್ನೆಲೆಯ ಮೇಲೆ ಬರುತ್ತವಲ್ಲ, ಅಷ್ಟು ಸಣ್ಣದನ್ನು ಬಿಡುವುದು ಹೇಗೆ? ಬಿಡಲು ಆಗುವುದಿಲ್ಲ. ಅಡಿಯ ಬಣ್ಣವನ್ನು ಮುಚ್ಚುವ ದಪ್ಪ ಬಣ್ಣವಾದ ಬಿಳಿ ಗ್ವಾಶ್‌ನಲ್ಲಿ ಎಳೆಯಬಹುದು, ಆದರೆ ಪಕ್ಕದಲ್ಲಿ ಕಾಗದದ ಬಿಳಿ ಇರುವುದರಿಂದ ಅದು ಸುಣ್ಣದ ಹಾಗೆ ಮಂಕಾಗಿ ಕಾಣುತ್ತದೆ. ಹೊಸ ಬ್ಲೇಡಿನ ಮೂಲೆಯಿಂದ ಹಿನ್ನೆಲೆಯ ಬಣ್ಣವನ್ನು ಗರಿಯ ಬುಡದಿಂದ ತುದಿಗೆ ಒಂದೇ ಸಲ ಕೆರೆಯುವುದು ಲೇಸು, ಒಳಗಿನ ಕಾಗದ ಬೆಳ್ಳಗೆ ತೆರೆದುಕೊಳ್ಳುತ್ತದೆ. ಕೆರೆದ ಮೇಲೆ ಅಲ್ಲಿ ಮತ್ತೆ ಬಣ್ಣ ಹಚ್ಚುವಂತಿಲ್ಲ, ಸೈಜಿಂಗ್ ಹೋಗಿರುವುದರಿಂದ ಇಂಗಿ ಹರಡುತ್ತದೆ. ಮಳೆಗಾಲದ ಕಾಗದ ಮುಟ್ಟಲು ಒಣಗಿದ ಹಾಗಿದ್ದರೂ ಒಳಗೆ ತೇವ ಇರುತ್ತದೆ, ಬ್ಲೇಡು ತಾಗಿದರೆ ನಾರು ನಾರಾಗಿ ಏಳುತ್ತದೆ. ಚಿತ್ರ ಜುಲೈನಲ್ಲಿ ಬರೆದರೂ ಈ ನಾಲ್ಕು ಗೆರೆಯನ್ನು ದೀಪಾವಳಿ ಕಳೆದ ಮೇಲಕ್ಕೆ ಇಟ್ಟುಕೊಳ್ಳಿ.